ಬಿಡುವಿಗೂ ವೇಳೆ ಗೊತ್ತುಮಾಡಿ: ದಿನದ ನಡುವೆ ವಿಶ್ರಾಂತಿ ಪಡೆಯುವ ಬಗೆ

ದಣಿವು ಮಿತಿಮೀರಿದಾಗ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಸಿಡುಕು. ಮಗು ಹಾಲಿನ ಲೋಟ ಉರುಳಿಸಿದರೆ ಕೂಗಾಡುವುದು, ಸಣ್ಣ ಮಾತಿಗೂ ಕಣ್ಣು ತುಂಬಿಕೊಳ್ಳುವುದು, ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೂ ಹೊರೆಯೆನಿಸುವುದು ಇವೆಲ್ಲವನ್ನೂ ಸ್ವಭಾವದ ದೋಷವೆಂದು ತೀರ್ಮಾನಿಸುವ ಮುನ್ನ, ಕಳೆದ ವಾರ ನಿಜವಾಗಿ ಎಷ್ಟು ಬಿಡುವು ಸಿಕ್ಕಿತ್ತೆಂದು ಲೆಕ್ಕ ಹಾಕಿ ನೋಡಬೇಕು. ನಿದ್ದೆಗೆಟ್ಟಾಗ ಭಯ, ಕೋಪಗಳಿಗೆ ಸ್ಪಂದಿಸುವ ಮಿದುಳಿನ ಅಮಿಗ್ಡಲಾ ಎಂಬ ಭಾಗ ಅತಿಯಾಗಿ ಚುರುಕಾಗುತ್ತದೆ, ಅದನ್ನು ಹತೋಟಿಯಲ್ಲಿಡುವ ಮುಂಮಿದುಳಿನ ಹಿಡಿತ ಸಡಿಲಗೊಳ್ಳುತ್ತದೆ.

ಮೊದಲು ವೇಳೆಯನ್ನು ಗೊತ್ತುಮಾಡಿಕೊಳ್ಳಿ. ಎಲ್ಲ ಕೆಲಸ ಮುಗಿದ ಮೇಲೆ ವಿಶ್ರಾಂತಿ ಎಂದುಕೊಂಡರೆ ಆ ಗಳಿಗೆ ಬರುವುದೇ ಇಲ್ಲ. ಮಧ್ಯಾಹ್ನದ ಊಟವಾದ ಮೇಲೆ, ಒಂದರಿಂದ ಮೂರರ ನಡುವೆ, ದೇಹದ ಎಚ್ಚರ ತಾನಾಗಿಯೇ ತುಸು ಇಳಿಯುವುದರಿಂದ ಆಗಿನ 20 ನಿಮಿಷ ಸಾಕಷ್ಟು ಫಲ ಕೊಡುತ್ತದೆ. ಜೊಂಪು ಹತ್ತಿದರೆ ಹತ್ತಲಿ, ಆದರೆ ಅಲಾರಂ ಇಟ್ಟುಕೊಳ್ಳಿ. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಭಾರವಾಗಿರುತ್ತದೆ. ಸಂಜೆಯ ಕಾಫಿಯ ಮೇಲೂ ಒಂದು ಕಣ್ಣಿರಲಿ. ಕೆಫೀನಿನ ಅರ್ಧಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಐದಕ್ಕೆ ಕುಡಿದ ಡಿಕಾಕ್ಷನ್ನಿನ ಕೆಲಸ ರಾತ್ರಿ ಹತ್ತಕ್ಕೂ ಮುಗಿದಿರುವುದಿಲ್ಲ.

ಆ 20 ನಿಮಿಷ ಯಾರ ಪಾಲಿಗೆ ಎನ್ನುವುದು ಮುಂದಿನ ಪ್ರಶ್ನೆ, ಹೆಚ್ಚಿನ ಲೇಖನಗಳು ಇಲ್ಲಿಯೇ ಮೌನವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗ ವರ್ಗೀಕರಣದಲ್ಲಿ ‘ಬರ್ನ್‌ಔಟ್’ (ಬಳಲಿ ಬತ್ತಿಹೋಗುವ ಸ್ಥಿತಿ) ಎಂಬುದನ್ನು ನಿಭಾಯಿಸಲಾಗದ ಉದ್ಯೋಗದ ಒತ್ತಡದ ಪರಿಣಾಮವೆಂದು ವಿವರಿಸಿ, ಬದುಕಿನ ಇತರ ಕ್ಷೇತ್ರಗಳಿಗೆ ಅದನ್ನು ಅನ್ವಯಿಸಬಾರದೆಂದು ಸೂಚಿಸಿತು. ಅಡುಗೆಮನೆಯಲ್ಲಿ ಬಸವಳಿದವರು ಹೀಗೆ ವ್ಯಾಖ್ಯೆಯ ಹೊರಗೇ ಉಳಿದರು. ಅದೇ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. ಭಾನುವಾರ ಎಲ್ಲರೂ ತಡವಾಗಿ ಏಳುವ ಮನೆಯಲ್ಲಿ ಒಬ್ಬೊಬ್ಬರಿಗೂ ಬಿಸಿಬಿಸಿ ದೋಸೆ ಹುಯ್ಯುತ್ತ ಹತ್ತೂವರೆಯವರೆಗೆ ಒಲೆಯ ಮುಂದೆ ನಿಲ್ಲುವಾಕೆಗೆ ‘ನೀನೂ ಸ್ವಲ್ಪ ರೆಸ್ಟ್ ತಗೋ’ ಎಂದು ಹೇಳುವುದರಿಂದ ಏನೂ ಆಗದು. ಆದ್ದರಿಂದ ವೇಳೆ ಗೊತ್ತುಮಾಡುವಾಗಲೇ ಆ ಹೊತ್ತಿನ ಹೊಣೆಯನ್ನೂ ಹೆಸರು ಹಿಡಿದು ಹಂಚಿ: ಕರೆಗಂಟೆ ಬಾರಿಸಿದರೆ ಬಾಗಿಲು ತೆಗೆಯುವವರು ಯಾರು, ಕುಕ್ಕರಿನ ಸೀಟಿ ಎಣಿಸುವವರು ಯಾರು, ಅಜ್ಜನಿಗೆ ಮಾತ್ರೆ ಕೊಡುವವರು ಯಾರು.

ಇನ್ನು ಮಲಗುವ ಮುನ್ನ ಬಾಕಿ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಮತ್ತೆ ಮತ್ತೆ ತಲೆಯೆತ್ತುವುದನ್ನು ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ 1920ರ ದಶಕದಲ್ಲಿಯೇ ಗಮನಿಸಿದ್ದರು. ‘ಬ್ಯಾಂಕ್ ಕೆಲಸ’ ಎಂದಷ್ಟೇ ಬರೆದರೆ ಚಿಂತೆ ಇಳಿಯದು; ‘ನಾಳೆ ಹನ್ನೊಂದಕ್ಕೆ ಪಾಸ್‌ಬುಕ್, ಆಧಾರ್ ಪ್ರತಿ ಹಿಡಿದು ಹೋಗಬೇಕು’ ಎಂದು ಬರೆಯಿರಿ. ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ. ರೀಲ್ಸ್ ನೋಡುತ್ತ ಮಲಗಿದರೆ ಮೈಗೆ ಬಿಡುವು ಸಿಗಬಹುದು, ಕ್ಷಣಕ್ಕೊಂದು ನಗು, ಸಿಟ್ಟು, ಹೊಟ್ಟೆಕಿಚ್ಚು ಹುಟ್ಟಿಸಿಕೊಳ್ಳುವ ಮನಸ್ಸಿಗೆ ಸಿಗದು.

ಈಗ ಚಾಪೆ ಹಾಸಿ ಶವಾಸನದಲ್ಲಿ ಮಲಗಿ: ಕಾಲುಗಳ ನಡುವೆ ಒಂದೂವರೆ ಅಡಿ ಅಂತರ, ಅಂಗೈ ಮೇಲ್ಮುಖ, ತಲೆಯಡಿ ತೆಳುವಾದ ದಿಂಬು. ಪಾದದಿಂದ ಆರಂಭಿಸಿ ಒಂದೊಂದೇ ಸ್ನಾಯುಗುಂಪನ್ನು ಐದೆಣಿಕೆಯಷ್ಟು ಬಿಗಿಹಿಡಿದು ಒಮ್ಮೆಲೇ ಸಡಿಲಬಿಡುತ್ತ ಮೇಲೆ ಬನ್ನಿ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ರೂಪಿಸಿದ ಕ್ರಮದ ಸರಳ ರೂಪವಿದು. ದವಡೆಗೆ ಬಂದಾಗ ಅವಸರ ಬೇಡ. ಹಲ್ಲು ಕಚ್ಚಿಕೊಂಡೇ ದಿನ ಕಳೆದಿದ್ದೇವೆಂಬುದು ಅನೇಕರಿಗೆ ಅಲ್ಲಿಯೇ ತಿಳಿಯುತ್ತದೆ. ಆಮೇಲೆ ನಾಲ್ಕೆಣಿಸುವಷ್ಟು ಉಸಿರೆಳೆದು ಆರೆಣಿಸುವಷ್ಟು ನಿಧಾನವಾಗಿ ಬಿಡಿ. ವಿರಮಿಸುವಾಗಲೂ ನಿಮಿಷಕ್ಕೆ 12ರಿಂದ 20 ಬಾರಿ ಆಡುವ ಉಸಿರು ಹೀಗೆ ಆರಕ್ಕೆ ಇಳಿಯುತ್ತದೆ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯದತ್ತ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ನಿಧಾನವಾಗುತ್ತದೆ, ಉದ್ವೇಗದ ಹೊತ್ತಿನಲ್ಲಿ ಹಿಂದೆ ಸರಿದಿದ್ದ, ಮೈಯನ್ನು ಶಾಂತಗೊಳಿಸುವ ಪರಾನುವೇದನಾ ನರವ್ಯೂಹ ಮೇಲುಗೈ ಪಡೆಯುತ್ತದೆ. ತಲೆ ತಿರುಗಿದಂತಾದರೆ ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಿ.

ಮೊದಲ ವಾರ ಚಡಪಡಿಕೆ ಹೆಚ್ಚಾದಂತೆ ಅನಿಸುವುದುಂಟು. ಗದ್ದಲದಲ್ಲಿ ಕೇಳಿಸದಿದ್ದ ಚಿಂತೆ ಮೌನದಲ್ಲಿ ಕೇಳಿಸುತ್ತದೆ, ಅಷ್ಟಕ್ಕೇ ಅಭ್ಯಾಸ ಕೈಬಿಡಬೇಕಿಲ್ಲ. ಆದರೆ ವಿಶ್ರಾಂತಿ ಪಡೆದರೂ ಎರಡು ವಾರಕ್ಕೂ ಮೀರಿ ದುಗುಡ, ನಿರಾಸಕ್ತಿ, ನಿದ್ರಾಹೀನತೆ ಕಾಡಿದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಅಷ್ಟು ದಿನವೂ ಕಾಯಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.