ಸ್ಪ್ರಿಂಗ್ ಗಟ್ಟಿಯಾದರೆ ಸಾಲದು, ಕುಗ್ಗಲು ಜಾಗ ಬೇಕು

ಕಾರು ಮಾಜ್ದಾ ಎಂಎಕ್ಸ್-5, ಎರಡನೇ ತಲೆಮಾರಿನದು, 2001ರ ಮಾಡೆಲ್, 1.8 ಲೀಟರ್ ಎಂಜಿನ್. ಅಮೆರಿಕದಲ್ಲಿ ಇದನ್ನು ಮಿಯಾಟಾ ಎನ್ನುತ್ತಾರೆ. ವಾರವೆಲ್ಲ ಕ್ಯಾಲಿಫೋರ್ನಿಯಾದ ಹೆದ್ದಾರಿ, ಆಗೊಮ್ಮೆ ಈಗೊಮ್ಮೆ ವಿಲೋಸ್ ಊರಿನ ಥಂಡರ್‌ಹಿಲ್ ಟ್ರ್ಯಾಕ್. ಎರಡಕ್ಕೂ ಒಂದೇ ಸಸ್ಪೆನ್ಷನ್, ನಡುವೆ ಶಾಕ್‌ನ (ಶಾಕ್ ಅಬ್ಸಾರ್ಬರ್) ಗುಂಡಿ ತಿರುಗಿಸುವುದು ಬಿಟ್ಟರೆ ಇನ್ನೇನೂ ಕೆಲಸ ಇರಬಾರದು ಎಂಬುದು ಲೆಕ್ಕ.

ಈ ಕಾರಿಗೆ ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್ ಇದೆ, ಅಂದರೆ ಚಕ್ರವನ್ನು ಹಿಡಿಯಲು ಮೇಲೊಂದು ಕೆಳಗೊಂದು ತೋಳು. ವಿನ್ಯಾಸ ಚೆನ್ನಾಗಿಯೇ ಇದೆ. ಕೊರತೆ ಒಂದೇ: ಚಕ್ರ ಮೇಲಕ್ಕೆ ಬರಲು ಜಾಗ ಕಡಿಮೆ. ಅಂಗಡಿಯಲ್ಲಿ ಸಿಗುವ ‘ಲೋಯರಿಂಗ್ ಸ್ಪ್ರಿಂಗ್’ ಹಾಕಿ ಕಾರನ್ನು 45–50 ಎಂಎಂ ಇಳಿಸಿದರೆ ನೋಡಲು ಚೆಂದ, ಆದರೆ ಕಾರು ನಿಂತಲ್ಲೇ ಶಾಕ್ ಬಂಪ್ ಸ್ಟಾಪ್ (ಕುಗ್ಗುವಿಕೆಯ ಕೊನೆಯಲ್ಲಿ ತಡೆಯುವ ರಬ್ಬರ್) ಮೇಲೆ ಕುಳಿತಿರುತ್ತದೆ. ತಿರುವಿನ ಮಧ್ಯೆ ಒಂದು ಉಬ್ಬು ಸಿಕ್ಕಿತೋ, ಹಿಂದಿನ ಹೊರಚಕ್ರ ರಬ್ಬರ್‌ಗೆ ಬಡಿದು ಆ ತುದಿಯ ಗಡಸುತನ ಒಮ್ಮೆಲೇ ಹಲವು ಪಟ್ಟಾಗುತ್ತದೆ, ಬಾಲ ಹೊರಗೆ ಹೋಗುತ್ತದೆ. ಇದನ್ನು ‘ಕಾರಿನ ಗುಣವೇ ಹೀಗೆ’ ಎನ್ನುವವರು ಬಹಳ. ಕಾರಿನ ಗುಣವಲ್ಲ, ಜಾಗ ಮುಗಿದದ್ದು.

ಹಾಗಾಗಿ ಮೊದಲು ಅಳತೆ. ಸ್ಪ್ರಿಂಗ್ ಇಲ್ಲದೆ ಬರೀ ಶಾಕ್ ಮತ್ತು ಮೇಲಿನ ಮೌಂಟ್ ಜೋಡಿಸಿ, ಜಾಕಿಯಿಂದ ಚಕ್ರದ ಕಡೆಯನ್ನು ಎತ್ತುತ್ತಾ ಹೋದೆ. ಹಬ್ (ಚಕ್ರದ ನಡು) ಮಧ್ಯದಿಂದ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿಗೆ ಎಷ್ಟು ಉಳಿದಾಗ ಬಂಪ್ ಸ್ಟಾಪ್ ತಾಗುತ್ತದೆ ಎಂದು ಬರೆದುಕೊಂಡೆ. ಆ ಅಳತೆ ಸಿಕ್ಕಮೇಲೆ ಎತ್ತರ ತಾನೇ ತೀರ್ಮಾನವಾಯಿತು: ಮುಂದೆ 325 ಎಂಎಂ, ಹಿಂದೆ 330. ಮೊದಲಿಗಿಂತ ಸುಮಾರು 30 ಎಂಎಂ ಮಾತ್ರ ಕೆಳಗೆ. ಶಾಕ್‌ನಲ್ಲಿ 25 ಎಂಎಂ ಖಾಲಿ ಜಾಗ ಉಳಿದರೆ ಚಕ್ರಕ್ಕೆ 35ರಷ್ಟು ಸಿಗುತ್ತದೆ. ಇದಕ್ಕಿಂತ ಕಡಿಮೆಯಾಗಲು ನಾನು ಬಿಡಲಿಲ್ಲ. (ಬೆಂಗಳೂರಿನ ಬಡಾವಣೆಗಳ ಹಂಪುಗಳ ಮೇಲೆ ದಿನಾ ಓಡಿಸುವುದಾಗಿದ್ದರೆ 30ರ ಬದಲು 10–15ಕ್ಕೇ ನಿಲ್ಲಿಸುತ್ತಿದ್ದೆ.)

ಈಗ ಸ್ಪ್ರಿಂಗ್. ಶಾಕ್ ಕೂತಿರುವುದು ತೋಳಿನ ತುದಿಯಲ್ಲಲ್ಲ, ಒಳಗಡೆ. ಚಕ್ರ 10 ಎಂಎಂ ಏರಿದರೆ ಶಾಕ್ ಮುಂದೆ 7ಕ್ಕಿಂತ ತುಸು ಹೆಚ್ಚು, ಹಿಂದೆ ಸುಮಾರು 7.5 ಎಂಎಂ ಕುಗ್ಗುತ್ತದೆ. ದೂರವೂ ಕಡಿಮೆ, ಚಕ್ರಕ್ಕೆ ಮುಟ್ಟುವ ಬಲವೂ ಅದೇ ಪ್ರಮಾಣದಲ್ಲಿ ಕಡಿಮೆ. ಆದ್ದರಿಂದ ಅನುಪಾತವನ್ನು ಎರಡು ಸಲ ಗುಣಿಸಬೇಕು. ಮುಂದೆ 8 ಕೆಜಿ/ಎಂಎಂ ಸ್ಪ್ರಿಂಗ್ ಹಾಕಿದರೆ ಚಕ್ರದ ಬಳಿ ಸಿಗುವುದು 4ಕ್ಕಿಂತ ಸ್ವಲ್ಪ ಹೆಚ್ಚು. ಕಾರ್ಖಾನೆಯ ಸ್ಪ್ರಿಂಗ್ ಹೆಚ್ಚುಕಮ್ಮಿ 3 ಕೆಜಿ/ಎಂಎಂ. ನಾನು ಆರಿಸಿದ್ದು ಮುಂದೆ 8, ಹಿಂದೆ 5.4, ಅಮೆರಿಕದ ಲೆಕ್ಕದಲ್ಲಿ ಇಂಚಿಗೆ 450 ಮತ್ತು 300 ಪೌಂಡ್. ಇದರಿಂದ ಮುಂದಿನ ತುದಿ ಸೆಕೆಂಡಿಗೆ ಸುಮಾರು 2 ಸಲ, ಹಿಂದಿನದು 1.75 ಸಲ ತೂಗುತ್ತದೆ. ಕಾರ್ಖಾನೆಯಲ್ಲಿ ಮುಂದೆ 1.2ರ ಆಸುಪಾಸು ಇರುತ್ತದೆ. 2 ದಾಟಿದರೆ ಕಾಂಕ್ರೀಟ್ ಹೆದ್ದಾರಿಯ ಪ್ರತಿ ಸಂದೂ ಸೊಂಟಕ್ಕೆ ಗೊತ್ತಾಗುತ್ತದೆ. ಸ್ಪೆಕ್ ಮಿಯಾಟಾ ರೇಸ್ ಕಾರುಗಳಲ್ಲಿ 700 ಮತ್ತು 325 ಪೌಂಡ್ ಇರುತ್ತದೆ. ಅದನ್ನು ನೋಡಿ ಆಸೆಪಡಬೇಡಿ, ಅವು ಮನೆಯಿಂದ ಟ್ರ್ಯಾಕ್‌ಗೆ ಟ್ರೈಲರ್ ಮೇಲೆ ಬರುವ ಕಾರುಗಳು.

ಶಾಕ್ ಕೋನಿ ಸ್ಪೋರ್ಟ್, ಹಳದಿ ಬಣ್ಣದ್ದು. ಅದರ ಮೈಮೇಲೆ ಥ್ರೆಡ್ (ತಿರುಪಿನ ಗೆರೆ) ಇರುವ ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ತಿರುಗಿಸಿ ಏರಿಸಿ ಇಳಿಸುವ ತಟ್ಟೆ, ತಟ್ಟೆಯ ಮೇಲೆ ಎರಡೂವರೆ ಇಂಚು ಒಳವ್ಯಾಸದ ಸ್ಪ್ರಿಂಗ್. ಈ ಶಾಕ್‌ಗೆ 450 ಪೌಂಡ್ ಹತ್ತಿರ ಹತ್ತಿರ ಮಿತಿಯೇ. ಅದಕ್ಕಿಂತ ಗಟ್ಟಿ ಸ್ಪ್ರಿಂಗ್ ಬೇಕಿದ್ದರೆ ಶಾಕನ್ನೂ ಬೇರೆಯೇ ನೋಡಬೇಕು. ಕೊಳವೆ ಮತ್ತು ಶಾಕ್ ನಡುವೆ ರಬ್ಬರ್ ಓ-ರಿಂಗ್ ಹಾಕದಿದ್ದರೆ ಚಿಕ್ಕ ಗುಂಡಿಗೂ ‘ಟಕ್ ಟಕ್’ ಸದ್ದು. ಹೊಸ ಸಸ್ಪೆನ್ಷನ್ ಸದ್ದು ಮಾಡುತ್ತಿದೆ ಎಂದಾಗ ಎಲ್ಲರೂ ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡುತ್ತಾರೆ. ಮೊದಲು ಇದನ್ನು ನೋಡಿ, ಆಮೇಲೆ ಸ್ವೇ ಬಾರ್ (ಎಡ-ಬಲ ಚಕ್ರಗಳನ್ನು ಜೋಡಿಸಿ ವಾಲಾಟ ತಡೆಯುವ ಕಂಬಿ) ಲಿಂಕ್.

ಬಿಚ್ಚುವ ಕೆಲಸ. ಹಿಂದಿನ ರಾತ್ರಿಯೇ ಎಲ್ಲ ಬೋಲ್ಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ. ಅಲೈನ್‌ಮೆಂಟ್ (ಚಕ್ರದ ಕೋನ) ಬದಲಿಸುವ ಕ್ಯಾಮ್ ಬೋಲ್ಟ್‌ಗಳ ಸ್ಥಾನವನ್ನು ಬಿಳಿ ಪೇಂಟಿನಿಂದ ಗುರುತು ಮಾಡಿಕೊಳ್ಳಿ. ಜಾಕಿಯನ್ನು ಮುಂದೆ ಸಬ್‌ಫ್ರೇಮ್‌ಗೆ, ಹಿಂದೆ ಡಿಫರೆನ್ಷಿಯಲ್ ಕೆಳಗೆ ಕೊಡಿ. ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ. ಮುಂದೆ ಸ್ವೇ ಬಾರ್ ಲಿಂಕ್, ಶಾಕ್‌ನ ಕೆಳ ಬೋಲ್ಟ್, ಮೇಲಿನ ಎರಡು 14 ಎಂಎಂ ನಟ್, ನಂತರ ಮೇಲಿನ ವಿಶ್‌ಬೋನಿನ ಉದ್ದ ಬೋಲ್ಟ್ ಎಳೆದರೆ ಇಡೀ ನಕಲ್ (ಚಕ್ರವನ್ನು ಹಿಡಿದಿರುವ ಭಾಗ) ಹೊರಕ್ಕೆ ವಾಲುತ್ತದೆ, ಶಾಕ್ ಸಲೀಸಾಗಿ ಹೊರಬರುತ್ತದೆ. ನಕಲ್ ಭಾರವನ್ನು ಬ್ರೇಕ್ ಪೈಪಿನ ಮೇಲೆ ಬಿಡಬೇಡಿ, ಹಗ್ಗ ಕಟ್ಟಿ. ಹಿಂದೆ ಮೇಲಿನ ನಟ್‌ಗಳು ಡಿಕ್ಕಿಯೊಳಗಿವೆ. ಎಡಗಡೆಯವು ಪೆಟ್ರೋಲ್ ಪೈಪಿನ ತಗಡಿನ ಮರೆಯ ಹಿಂದೆ. ಆ ತಗಡು ತೆಗೆಯದೆ ಹೆಣಗಿದರೆ ಬೆರಳು ಕುಯ್ದುಕೊಳ್ಳುತ್ತೀರಿ.

ಹಳೆಯ ಸ್ಪ್ರಿಂಗ್ ಮೌಂಟಿನಡಿ ಒತ್ತಿಕೊಂಡೇ ಇರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ನಡುವಿನ ನಟ್ ಬಿಚ್ಚಿದರೆ ಮೌಂಟ್ ಗುಂಡಿನಂತೆ ಹಾರುತ್ತದೆ. ಹೊಸ ಶಾಕ್‌ನ ನಟ್‌ಗೆ ಇಂಪ್ಯಾಕ್ಟ್ ಗನ್ ಹಿಡಿಯಬಾರದು, ಶಾಕ್‌ನ ನಡುವಿನ ಕಂಬಿ ತಿರುಗುತ್ತದೆ. ಅದನ್ನು ನಿಲ್ಲಿಸಲು ಇಕ್ಕಳದಿಂದ ಹಿಡಿದರಂತೂ ಮುಗಿಯಿತು: ಗೀರು ಬಿದ್ದು ಒಂದೇ ತಿಂಗಳಲ್ಲಿ ಸೀಲ್ ಸೋರುತ್ತದೆ.

ತುಕ್ಕು ಹಿಡಿದ ಕ್ಯಾಮ್ ಬೋಲ್ಟ್ ಈ ಕಾರಿನ ನಿಜವಾದ ತಲೆನೋವು. ನಟ್ ಸಡಿಲವಾಗುತ್ತದೆ, ಬೋಲ್ಟ್ ಮಾತ್ರ ಬುಷ್‌ನ (ತೋಳಿನ ಕೀಲಿನಲ್ಲಿರುವ ರಬ್ಬರ್) ಒಳಕೊಳವೆಗೆ ಅಂಟಿಕೊಂಡಿರುತ್ತದೆ. ಸುತ್ತಿಗೆಯಿಂದ ಹೊಡೆದರೆ ಬೋಲ್ಟಿನ ಥ್ರೆಡ್ ಹಾಳು. ಎರಡು ಕಡೆಯೂ ಗರಗಸದಿಂದ ಕತ್ತರಿಸಿ ಹೊಸ ಬೋಲ್ಟ್, ಹೊಸ ಬುಷ್ ಹಾಕುವುದೇ ಬೇಗನೆ ಆಗುವ ದಾರಿ. ಹೊಸ ಬೋಲ್ಟಿನ ಮೈಗೆ ಮತ್ತೆ ಅಂಟಿಕೊಳ್ಳದಂತೆ ಆಂಟಿ-ಸೀಝ್ ಲೇಪ ಸವರಿ. ಬುಷ್ ಬೋಲ್ಟ್‌ಗಳನ್ನು ಚಕ್ರ ಜೋತಾಡುತ್ತಿರುವಾಗ ಬಿಗಿಯಬೇಡಿ. ರಬ್ಬರ್ ಬುಷ್ ಎರಡೂ ಕಡೆ ಅಂಟಿಕೊಂಡಿರುವ ವಸ್ತು, ತಿರುಚಿದರೆ ತಾನೇ ಒಂದು ಸ್ಪ್ರಿಂಗ್. ಜೋತಾಡುವಾಗ ಬಿಗಿದರೆ ಕಾರು ಕೆಳಗಿಳಿದಾಗ ತಿರುಚಿಯೇ ನಿಲ್ಲುತ್ತದೆ, ಎತ್ತರದ ಲೆಕ್ಕ ತಪ್ಪುತ್ತದೆ, ಕೆಲವು ತಿಂಗಳಲ್ಲಿ ಹರಿಯುತ್ತದೆ. ಚಕ್ರಗಳ ಕೆಳಗೆ ಮರದ ದಿಮ್ಮಿ ಇಟ್ಟು, ಕಾರಿನ ಭಾರ ಪೂರ್ತಿ ಬಿದ್ದಮೇಲೆ ಬಿಗಿದೆ. ಪಾಲಿಯುರೆಥೇನ್ ಬುಷ್ ಹಾಕಲಿಲ್ಲ. ಗ್ರೀಸ್ ಒಣಗಿದೊಡನೆ ಕಿರುಗುಟ್ಟುತ್ತದೆ, ಹಿಡಿದುಕೊಳ್ಳುತ್ತದೆ. ಚಕ್ರದ ನಟ್ 110 ನ್ಯೂಟನ್-ಮೀಟರ್. ಕಾರ್ಖಾನೆ ಹೇಳುವುದು 88ರಿಂದ 118.

ಸ್ವೇ ಬಾರ್: ಮುಂದೆ ಟೊಳ್ಳಾದ 28.6 ಎಂಎಂ ಬಾರ್, ಹಿಂದೆ ಕಾರ್ಖಾನೆಯದ್ದೇ. ಹಿಂದೆಯೂ ದಪ್ಪದ್ದು ಹಾಕುವ ಆಸೆ ಬರುತ್ತದೆ. ನನ್ನ ಡಿಫರೆನ್ಷಿಯಲ್ ಓಪನ್, ಅಂದರೆ ಒಂದು ಚಕ್ರ ಜಾರಿದರೆ ಶಕ್ತಿ ಆ ಕಡೆಗೇ ಹೋಗುತ್ತದೆ. ಹಿಂದಿನ ಬಾರ್ ದಪ್ಪವಾದಷ್ಟೂ ಒಳಚಕ್ರ ಹಗುರವಾಗಿ, ತಿರುವು ಬಿಡುವಾಗ ಎಂಜಿನ್ನಿನ ಶಕ್ತಿಯೆಲ್ಲ ಆ ಚಕ್ರದ ಹೊಗೆಗೆ ಹೋಗುತ್ತದೆ.

ನಂತರ ಒಂದೊಂದು ಚಕ್ರದಡಿ ಒಂದರಂತೆ ನಾಲ್ಕು ತಕ್ಕಡಿ. ಸ್ವೇ ಬಾರ್ ಲಿಂಕ್ ಕಳಚಿ, ಅರ್ಧ ಟ್ಯಾಂಕ್ ಪೆಟ್ರೋಲ್, ಚಾಲಕನ ಸೀಟಿನಲ್ಲಿ ನನ್ನ ತೂಕದಷ್ಟೇ ಮರಳಿನ ಚೀಲ. ಮೊದಲ ಸಲ ಬಂದದ್ದು: ಎಡ ಮುಂದೆ 312, ಬಲ ಮುಂದೆ 268, ಎಡ ಹಿಂದೆ 267, ಬಲ ಹಿಂದೆ 283 ಕೆಜಿ. ಒಟ್ಟು 1130. ಬಲ ಮುಂದೆ ಮತ್ತು ಎಡ ಹಿಂದೆ ಕೂಡಿದರೆ 535, ಅಂದರೆ ಒಟ್ಟಿನ 47.3%; ಇದು 50ರ ಹತ್ತಿರ ಇರಬೇಕು. ಹೀಗೆ ಬಿಟ್ಟರೆ ಕಾರು ಒಂದು ಕಡೆಗೆ ಸಲೀಸಾಗಿ, ಇನ್ನೊಂದು ಕಡೆಗೆ ಮೊಂಡಾಗಿ ತಿರುಗುತ್ತದೆ. ಮಂಚದ ಒಂದು ಕಾಲಿನ ಕೆಳಗೆ ಚಕ್ಕೆ ಇಟ್ಟಂತೆ ಇದು: ಒಂದು ಮೂಲೆಯ ತಟ್ಟೆ ಏರಿಸಿದರೆ ಆ ಮೂಲೆಗೂ ಕರ್ಣದಲ್ಲಿ ಅದರ ಎದುರಿರುವ ಮೂಲೆಗೂ ಭಾರ ಏರುತ್ತದೆ. ಬಲ ಮುಂದೆ, ಎಡ ಹಿಂದೆ ತಟ್ಟೆಗಳನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಉಳಿದೆರಡನ್ನು ಅಷ್ಟೇ ಇಳಿಸಿ 298, 282, 281, 269ಕ್ಕೆ ತಂದೆ. 49.8%. ಎಡಗಡೆಯ ಮೊತ್ತ ಆಗಲೂ ಈಗಲೂ 579. ಅದನ್ನು ತಟ್ಟೆ ತಿರುಗಿಸಿ ಬದಲಿಸಲಾಗದು, ಸಾಮಾನು ಜರುಗಿಸಿದರೆ ಮಾತ್ರ. ಪ್ರತಿ ಬದಲಾವಣೆಯ ನಂತರ ಕಾರನ್ನು ಒತ್ತಿ ಕುಣಿಸಿ, ಹಿಂದೆಮುಂದೆ ಉರುಳಿಸಿ ಆಮೇಲೆ ಓದಿ. ಇಲ್ಲದಿದ್ದರೆ ಟೈರಿನ ಹಿಡಿತವೇ ಸುಳ್ಳು ತೂಕ ತೋರಿಸುತ್ತದೆ. ಲಿಂಕ್ ವಾಪಸ್ ಹಾಕುವಾಗ ಅದರ ಉದ್ದ ಸರಿಹೊಂದಿಸಿ. ಬೋಲ್ಟ್ ಕೈಯಿಂದಲೇ ಸರಾಗವಾಗಿ ತೂರಬೇಕು.

ಅಲೈನ್‌ಮೆಂಟ್ ಕೊನೆಗೆ, ಅದೇ ಮರಳಿನ ಚೀಲದೊಂದಿಗೆ. ಮುಂದೆ ಕ್ಯಾಂಬರ್ (ಚಕ್ರದ ತಲೆ ವಾಲುವ ಕೋನ, ಮೈನಸ್ ಎಂದರೆ ಒಳಕ್ಕೆ) ಮೈನಸ್ 2 ಡಿಗ್ರಿ, ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ. ಹಿಂದೆ ಮೈನಸ್ 2.2, ಒಟ್ಟು 1.5 ಎಂಎಂ ಟೋ-ಇನ್.

ಥಂಡರ್‌ಹಿಲ್‌ನ ಎರಡನೇ ತಿರುವು ಉದ್ದನೆಯ ಎಡ ತಿರುವು. ಸ್ಟೀರಿಂಗ್ ಒಂದೇ ಕೋನದಲ್ಲಿ ಹಿಡಿದು ಕಾರಿನ ಸಮತೋಲ ಓದಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಮುಂದಿನ ತುದಿ ಹೊರಕ್ಕೆ ಜಾರುತ್ತಿತ್ತು. ಪಿಟ್‌ಗೆ ಬಂದ ತಕ್ಷಣ ಸೂಜಿ ಥರ್ಮಾಮೀಟರ್ ಚುಚ್ಚಿದಾಗ ಬಲ ಮುಂದಿನ ಟೈರ್ ಹೊರ ಅಂಚು 84 ಡಿಗ್ರಿ, ನಡು 80, ಒಳ ಅಂಚು 75. ಕ್ಯಾಂಬರ್ ಸಾಲದು ಎಂದು ಟೈರೇ ಹೇಳುತ್ತಿದೆ. ಕ್ಯಾಮ್ ಬೋಲ್ಟ್ ಮೈನಸ್ 2ಕ್ಕೇ ಮುಗಿದಿತ್ತು, ಹಾಗಾಗಿ ಮೇಲಿನ ತೋಳಿಗೆ ಆಫ್‌ಸೆಟ್ ಬುಷ್ (ತೂತು ನಡುವಿನಿಂದ ಸರಿದಿರುವುದು) ಹಾಕಿ ಮೈನಸ್ 2.7 ಮಾಡಿದೆ. ಆಮೇಲೆ ಒಳ ಅಂಚು 83, ನಡು 81, ಹೊರ ಅಂಚು 77. ಇದು ಸರಿ. ಟೈರ್ 205/50 ಆರ್15, ಬಿಸಿಯಾದಾಗ 31 ಪಿಎಸ್‌ಐ. ಇಷ್ಟು ಕ್ಯಾಂಬರಿಗೆ ಹೆದ್ದಾರಿಯಲ್ಲಿ ಒಳ ಅಂಚು ಸವೆಯುತ್ತದೆ ಎಂಬ ಭಯ ಇದೆ. ಟೋ ಸೊನ್ನೆ ಇದ್ದರೆ ಸವೆತ ಸಹಿಸುವಷ್ಟೇ. ಟೈರ್ ತಿನ್ನುವುದು ಬಹುಮಟ್ಟಿಗೆ ಟೋ.

ಕೋನಿಯ ಗುಂಡಿ ತಿರುಗಿಸಿದರೆ ಬದಲಾಗುವುದು ಹಿಗ್ಗುವ ಹಿಡಿತ ಮಾತ್ರ, ಕುಗ್ಗುವುದಲ್ಲ. ಪೂರ್ತಿ ಮೆತ್ತಗಿನಿಂದ ರಸ್ತೆಗೆ ಅರ್ಧ ಸುತ್ತು, ಟ್ರ್ಯಾಕ್‌ಗೆ ಒಂದು ಸುತ್ತು. ಒಂದೂವರೆಗೆ ಏರಿಸಿದಾಗ ಸ್ಟೀರಿಂಗ್ ಚುರುಕಾದಂತೆ ಅನ್ನಿಸಿತು, ಆದರೆ ಸಾಲು ಉಬ್ಬುಗಳ ಮೇಲೆ ಹಿಡಿತ ಹೋಯಿತು. ಮುಂದಿನ ಉಬ್ಬು ಬರುವಷ್ಟರಲ್ಲಿ ಶಾಕ್ ಹಿಗ್ಗಿರುವುದಿಲ್ಲ. ಹಾಗೇ ಕುಗ್ಗುತ್ತಾ ಕುಗ್ಗುತ್ತಾ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಮತ್ತೆ ಅದೇ ಜಾಗದ ಪ್ರಶ್ನೆ.

ಇದನ್ನು ಊಹಿಸಬೇಕಿಲ್ಲ. ಪ್ರತಿ ಶಾಕ್‌ನ ಕಂಬಿಗೆ ತೆಳ್ಳಗಿನ ಪ್ಲಾಸ್ಟಿಕ್ ಟೈ ಬಿಗಿದು, ಕೆಳಗೆ ತಳ್ಳಿ ಟ್ರ್ಯಾಕ್‌ಗೆ ಹೋಗಿ. ವಾಪಸ್ ಬಂದಾಗ ಟೈ ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ಶಾಕ್ ಕುಗ್ಗಿದೆ. ಬಂಪ್ ಸ್ಟಾಪ್ ತುದಿ ಮುಟ್ಟಿ ಕೆಲವು ಎಂಎಂ ಒಳಗೆ ಹೋಗಿದ್ದರೆ ಪರವಾಗಿಲ್ಲ. ಅರ್ಧ ನುಂಗಿದ್ದರೆ ತಟ್ಟೆಯನ್ನು 5 ಎಂಎಂ ಏರಿಸಿ, ನಾಲ್ಕೂ ಕಡೆ ಒಂದೇ ಅಳತೆ, ತಕ್ಕಡಿಯ ಲೆಕ್ಕ ಕೆಡದಂತೆ. 150 ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್‌ಗಳನ್ನೂ ತಟ್ಟೆಯ ಲಾಕ್‌ಗಳನ್ನೂ ಇನ್ನೊಮ್ಮೆ ಬಿಗಿದು, ಟೋ ಮತ್ತೆ ಅಳೆಯಿರಿ; ಹೊಸ ಬುಷ್ ಕೂರುವಾಗ ಮೊದಲು ಜರುಗುವುದು ಅದೇ.