ಕುಕ್ಕರಿನಲ್ಲಿಟ್ಟ ಮಿದುಳಿನ ಸ್ಲೈಡು: ನನ್ನ ಅನುಭವ

"ಏನ್ರೀ, ಬ್ಯಾಳಿ ಇಟ್ಟೀರೇನು?" ಹುಬ್ಬಳ್ಳಿ ದುರ್ಗದ ಬೈಲಿನಿಂದ ತಂದ ಐದು ಲೀಟರ್ ಸ್ಟೀಲ್ ಕುಕ್ಕರನ್ನು ಧಾರವಾಡದ ನಮ್ಮ ಲ್ಯಾಬಿನಲ್ಲಿ ಒಲೆಗಿಟ್ಟ ದಿನ ಎಲ್ಲರೂ ಕೇಳಿದ್ದು ಇದನ್ನೇ. ಈಗ ಅದೇ ಜನ ಕುಕ್ಕರ್ ಎರವಲು ಕೇಳುತ್ತಾರೆ.

ನನ್ನದು ಸ್ಲೈಡು ಮಾಡುವ ಕೆಲಸ. ಜೀವಂತ ವೈರಸ್ ಮುಟ್ಟುವುದಿಲ್ಲ. ಮಂಗನ ಕಾಯಿಲೆ ವೈರಸ್ಸಿಗೆ ಬೇಕಾದ ಬಂದೋಬಸ್ತು ನಮ್ಮಲ್ಲಿಲ್ಲ. ಅದರ ಹತ್ತಿರದ ನೆಂಟ ಲಂಗಾಟ್ ವೈರಸ್, 1956ರಲ್ಲಿ ಮಲಯಾದ ಉಣ್ಣಿಯಲ್ಲಿ ಸಿಕ್ಕಿದ್ದು. ಆ ವೈರಸ್ ತಗುಲಿಸಿದ ಇಲಿಗಳ ಮಿದುಳನ್ನು ಬೇರೆ ಊರಿನ ಲ್ಯಾಬೊಂದು ಫಾರ್ಮಲಿನ್‌ನಲ್ಲಿ ಕೆಡದಂತೆ ಫಿಕ್ಸ್ ಮಾಡಿ, ಮೇಣದ ಬ್ಲಾಕಿನಲ್ಲಿ ಕಳಿಸಿತ್ತು. ಮಾಮೂಲಿ ಎಚ್‌-ಇ ಬಣ್ಣದಲ್ಲಿ ರಕ್ತನಾಳದ ಸುತ್ತ ಬಿಳಿ ರಕ್ತಕಣಗಳ ಬಳೆ ಚೆನ್ನಾಗಿಯೇ ಕಂಡಿತು. ಆದರೆ ವೈರಸ್ ಯಾವ ಕೋಶದಲ್ಲಿದೆ? ಅದಕ್ಕೆ ಆಂಟಿಬಾಡಿ ಬೇಕು, ಅಂದರೆ ವೈರಸ್ಸಿಗೇ ಹೋಗಿ ಅಂಟುವ ಪ್ರೋಟೀನು. ಅದನ್ನು ಹಿಡಿಯುವ ಎರಡನೇ ಆಂಟಿಬಾಡಿ ಹಾಕಿ ಬಣ್ಣ ಬರಿಸಿದರೆ ಆ ಜಾಗ ಕಂದಾಗುತ್ತದೆ. ಆದರೆ ಫಾರ್ಮಲಿನ್ ವೈರಸ್ಸಿನ ಗುರುತನ್ನು ಮುಚ್ಚಿಡುತ್ತದೆ, ಸ್ಲೈಡು ಕುದಿಸಿ ಅದನ್ನು ಬಿಡಿಸಬೇಕು. ತಲೆನೋವು ಶುರುವಾಗಿದ್ದೇ ಅಲ್ಲಿ.

ಮೊದಲು ಮೈಕ್ರೋವೇವ್. ಸ್ಲೈಡು ಮುಳುಗಿಸಿದ ಸಿಟ್ರೇಟ್ ದ್ರಾವಣ ಉಕ್ಕಿ ಚೆಲ್ಲಿತು, ಅರ್ಧ ಸೆಕ್ಷನ್ (ಮಿದುಳಿನ ತೆಳು ಹೋಳು) ಎದ್ದು ತೇಲಿದವು. ಹಳೆಯವರ ಹಾಗೆ ಮೊಟ್ಟೆಯ ಬಿಳಿ ಹಚ್ಚಿ ಅಂಟಿಸಿದೆ. ಕುದಿತಕ್ಕೆ ಅದೂ ನಿಲ್ಲಲಿಲ್ಲ. ಸುಮಾರು 60 ಸ್ಲೈಡು ಹೋದವು. ಕೊನೆಗೆ ಪಾಲಿಲೈಸಿನ್ ಅನ್ನುವ ಅಂಟು ಹಚ್ಚಿದ ಸ್ಲೈಡು, ಪಿಎಚ್ 6ರ ಸಿಟ್ರೇಟ್, ಕುಕ್ಕರಿನಲ್ಲಿ ಪೂರ್ತಿ ಪ್ರೆಷರ್ ಬಂದ ಮೇಲೆ ಎರಡೂವರೆ ನಿಮಿಷ. ಒಂದೂ ಏಳಲಿಲ್ಲ. ಕುಕ್ಕರಿಗೆ ಎರಡು ಸಾವಿರದ ಒಳಗೇ ಆಯಿತು ಅಂತ ನೆನಪು.

ಆಮೇಲೆ ಜಿಪುಣತನ ಮಾಡಿದೆ. ಮೊಲದ ಆಂಟಿಬಾಡಿಗೆ 38 ಸಾವಿರದ ಹತ್ತಿರ ಹೇಳಿದ್ದರು. ಫ್ರಿಜ್‌ನಲ್ಲಿ ಪುಕ್ಕಟೆ ಇದ್ದ ಇಲಿಯ ಆಂಟಿಬಾಡಿಯನ್ನೇ ಹಾಕಿದೆ. ಇಲಿ ಮೇಲೆ ಇಲಿ ಹಾಕಬಾರದು ಅಂತ ಗೊತ್ತಿಲ್ಲದೇನಲ್ಲ. ಆದರೂ ಆರೋಗ್ಯದ ಇಲಿಯ ಮಿದುಳು ಸ್ವಚ್ಛ, ಕಾಯಿಲೆ ಇಲಿಯದು ಕಂದು! ವೈರಸ್ ಸಿಕ್ಕಿತು ಅಂತ ಫೋಟೋ ಎಲ್ಲರಿಗೂ ಕಳಿಸಿಬಿಟ್ಟೆ. ಎರಡು ವಾರದ ನಂತರ ಮೊದಲ ಆಂಟಿಬಾಡಿಯನ್ನೇ ಬಿಟ್ಟು ಒಂದು ಸ್ಲೈಡು ಮಾಡಿದೆ. ಅದೂ ಅಷ್ಟೇ ಕಂದು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆದರೆ ಕಂದು ಜಾಸ್ತಿ ಇದ್ದದ್ದು ರಕ್ತನಾಳಗಳ ಸುತ್ತ. ಆಗ ಹೊಳೆಯಿತು. ರಕ್ತ-ಮಿದುಳಿನ ನಡುವಿನ ತಡೆಗೋಡೆ ಒಡೆದು ಇಲಿಯದೇ ಐಜಿಜಿ (ರಕ್ತದಲ್ಲಿರುವ ಆಂಟಿಬಾಡಿ) ಒಳಗೆ ಸೋರಿದೆ, ಎರಡನೇ ಆಂಟಿಬಾಡಿ ಅದನ್ನೇ ಹಿಡಿದಿದೆ. ಕೆಟ್ಟ ಸ್ಲೈಡೇ ಸೋರಿಕೆಯ ನಕ್ಷೆ ಆಯಿತು, ಅಲ್ವಾ? ಮೊದಲ ದಿನಗಳ ಬ್ಲಾಕುಗಳಲ್ಲಿ ಈ ಕಂದು ಇರಲಿಲ್ಲ.

ಕೊನೆಗೆ ಮೊಲದ ಆಂಟಿಬಾಡಿ ತರಿಸಲೇಬೇಕಾಯಿತು. ಮೊದಲ ಪಾರ್ಸೆಲ್ಲಿನಲ್ಲಿ ಐಸ್ ಕರಗಿ ನೀರಾಗಿತ್ತು. ದುಡ್ಡು ನೀರಿಗೆ ಹೋಯಿತು ಅಂದುಕೊಂಡೆ, ಪುಣ್ಯಕ್ಕೆ ಕೆಲಸ ಮಾಡಿತು. ನರಕೋಶದ ಒಡಲಷ್ಟೇ ಅಲ್ಲ, ಕವಲುಗಳೂ ಕಂದಾದವು. ಮತ್ತೆ ಮೊದಲ ದಿನಗಳ ಬ್ಲಾಕು ತೆಗೆದೆ. ಗೋಡೆ ಸೋರದ ಇಲಿಯಲ್ಲೂ ಅಲ್ಲೊಂದು ಇಲ್ಲೊಂದು ನರಕೋಶ ಕಂದು. ಗೋಡೆ ಒಡೆಯುವ ಮೊದಲೇ ವೈರಸ್ ಒಳಗಿತ್ತು! ಮೈಕ್ರೋಗ್ಲಿಯಾ ತೋರಿಸುವ ಐಬಾ-1 ಆಂಟಿಬಾಡಿ ಹಾಕಿದ ಪಕ್ಕದ ಸೆಕ್ಷನ್ನಿನಲ್ಲಿ, ಜೇಡದ ಕಾಲಿನಂತೆ ಸಣ್ಣಗಿರಬೇಕಾದ ಈ ಮಿದುಳಿನ ಕಾವಲು ಕೋಶಗಳು ದಪ್ಪಗಾಗಿ, ಸಾಯುತ್ತಿರುವ ನರಕೋಶವನ್ನು ಮುತ್ತಿದ್ದವು. ಆಂಟಿಬಾಡಿ ಎಷ್ಟು ತೆಳು ಮಾಡುತ್ತೇನೆ, ಅದು ಬೇಡದ ಕಡೆ ಅಂಟದಂತೆ ತಡೆಯುವ ಬ್ಲಾಕಿಂಗ್‌ಗೆ ಏನು ಬೆರೆಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಸುಮ್ನೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕೋಶದ ಕೇಂದ್ರ ತೋರಿಸುವ ಹೆಮಟಾಕ್ಸಿಲಿನ್ ಬಣ್ಣವನ್ನು ನೀಲಿ ತಿರುಗಿಸಲು ಡಿಸ್ಟಿಲ್ಡ್ ನೀರಿಗಿಂತ ನಮ್ಮ ಬೋರ್‌ವೆಲ್ಲಿನ ಗಡಸು ನೀರೇ ವಾಸಿ. ಎರಡೇ ನಿಮಿಷ ಸಾಕು.

ಹಾವೇರಿ ಕಡೆ ಕುರಿ ಸಾಕುವ ನಮ್ಮ ಮಾವನಿಗೆ ಫೋಟೋ ತೋರಿಸಿದೆ. ಸ್ಕಾಟ್ಲೆಂಡಿನ ಕುರಿಗಳಿಗೂ ಇದೇ ಗುಂಪಿನ ವೈರಸ್ಸಿನಿಂದ ಲೂಪಿಂಗ್ ಇಲ್ ಅನ್ನುವ ಕಾಯಿಲೆ ಬರುತ್ತದೆ, ಕಿರುಮಿದುಳಿನ ಪರ್ಕಿಂಜೆ ಅನ್ನುವ ನರಕೋಶ ಹಾಳಾಗಿ ಕುರಿ ತೂರಾಡಿ ಜಿಗಿಯುತ್ತದೆ ಅಂದೆ. "ನಮ್ಮ ಕುರಿ ಸುಮ್ಮನೇ ಜಿಗೀತಾವ" ಅಂದ.

ಮುಂದೆ ಸಿಡಿ-8 ಟಿ ಕೋಶ, ಅಂದರೆ ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣ, ನೋಡಬೇಕು. ಉಣ್ಣಿಯಿಂದ ಬರುವ ಮಿದುಳು ಜ್ವರದ ವೈರಸ್ ಕೊಟ್ಟಾಗ, ಈ ಕೋಶ ಇಲ್ಲದ ಇಲಿಗಳು ಹೆಚ್ಚು ದಿನ ಬದುಕಿವೆ. ಹಾಗಾಗಿ ಎಲ್ಲ ತಪ್ಪನ್ನೂ ವೈರಸ್ ತಲೆಗೇ ಕಟ್ಟಲು ನನಗೆ ಮನಸ್ಸಿಲ್ಲ. ಆ ಆಂಟಿಬಾಡಿಗೆ ಮತ್ತೆ 40 ಸಾವಿರದ ಕೊಟೇಶನ್ ಬಂದಿದೆ. ಸಹಿ ಇನ್ನೂ ಬಿದ್ದಿಲ್ಲ.