ವಿಸ್ಕಿ ಚೀಟಿಯಿಂದ ಬಿಡಿಸಿದ ಕೊಲೆ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ, 1924, ಪಾನನಿಷೇಧದ ಕಾಲದ ಒಂದು ಕೊಲೆ: ಇದು ನನ್ನ ಮೊದಲ ಕಾದಂಬರಿಯ ಕತೆ. ಇದನ್ನು ಕನ್ನಡದಲ್ಲಿ ಯಾರು ಓದ್ತಾರೆ ಅಂತ ಕೇಳದವರೇ ಇಲ್ಲ. ‘ಕಾರವಾರಕ್ಕೆ ತನ್ನಿ ಸಾರ್, ಅಲ್ಲೂ ಬಾಂಬೆ ರಾಜ್ಯದ ನಿಷೇಧ ಇತ್ತು, ಪಕ್ಕದಲ್ಲೇ ಗೋವಾ’ ಅಂದರು ಒಬ್ಬ ಪ್ರಕಾಶಕರು. ಒಳ್ಳೇ ಸಲಹೆಯೇ. ಆದರೆ ನಾನಿರುವುದು ಸ್ಯಾನ್ ಮಟೇಯೊದಲ್ಲಿ, ಗುಡ್ಡ ದಾಟಿದರೆ ಹಾಫ್ ಮೂನ್ ಬೇ. ಕೊನೆಗೆ ನಾನೇ ಅಚ್ಚು ಹಾಕಿಸಿದೆ. 500 ಪ್ರತಿಗೆ 70 ಸಾವಿರದ ಹತ್ತಿರ ಹತ್ತಿರ ಆಯಿತು. ಈಗ ಮನೆಯಲ್ಲಿ ಉಳಿದಿರುವುದು ಒಂದೇ ಪೆಟ್ಟಿಗೆ.

ಮೊದಲ ಕರಡುಗಳಲ್ಲಿ ಬರೀ ಮಂಜು, ಜಾಝ್, ಬಂದೂಕು. ಒಬ್ಬರಿಗೆ 25 ಸಾವಿರ ಕೊಟ್ಟು ತಿದ್ದಿಸಿದೆ. ಮಂಜು ಇನ್ನೂ ಜಾಸ್ತಿಯಾಗಿ ಬಂತು.

ಅದನ್ನೆಲ್ಲ ಎಸೆದು ಕಾನೂನನ್ನೇ ಹಿಡಿದು ಕೂತೆ. ಒಂದು ನಿಯಮಕ್ಕೆ ಒಂದು ಸುಳಿವು, ಇಷ್ಟೇ ಲೆಕ್ಕ. ಆಗ ಕುಡಿಯುವುದು ಅಪರಾಧವೇ ಅಲ್ಲ; ಮಾಡುವುದು, ಮಾರುವುದು, ಸಾಗಿಸುವುದು ಅಪರಾಧ. ಕುಡುಕತನ ಮುಚ್ಚಿಡಲು ಕೊಂದ ಅನ್ನೋ ನನ್ನ ಹಳೇ ಕಾರಣ ಅಲ್ಲೇ ಬಿತ್ತು. ಡಾಕ್ಟರು ವಿಸ್ಕಿ ಬರೆದುಕೊಡಬಹುದಿತ್ತು, ಒಬ್ಬ ರೋಗಿಗೆ 10 ದಿನಕ್ಕೆ ಒಂದು ಪೈಂಟ್, ಅಂದರೆ ಅರ್ಧ ಲೀಟರಿನ ಹತ್ತಿರ. 1921ರಲ್ಲಿ ಅವರಿಗೂ ಲಗಾಮು ಬಿತ್ತು: 90 ದಿನಕ್ಕೆ 100 ಚೀಟಿ. ನನ್ನ ಕತೆಯ ಡಾಕ್ಟರ ನೂರೂ ಖಾಲಿ, ಆದರೂ ಸತ್ತವನ ಜೇಬಲ್ಲಿ ಅವರದೇ ಹೊಸ ಚೀಟಿ! ಈ ಜಾಗ ಓದಿದವರು ರಾತ್ರಿ ಹನ್ನೆರಡಕ್ಕೆ ಮೆಸೇಜ್ ಮಾಡಿದ್ದಾರೆ.

ಇನ್ನು ದೋಣಿಯವನ ಸುಳ್ಳು. ಮದ್ಯದ ಹಡಗುಗಳು ಮೊದಲು ದಡದಿಂದ 3 ಮೈಲಿ ಆಚೆ ನಿಂತರೆ ಸಾಕಿತ್ತು, ಹಿಡಿಯುವ ಹಾಗಿರಲಿಲ್ಲ. 1924ರಲ್ಲಿ ಬ್ರಿಟನ್ ಜೊತೆ ಒಪ್ಪಂದವಾಯಿತು. ಬ್ರಿಟಿಷ್ ಬಾವುಟದ ಹಡಗನ್ನೂ ದಡದಿಂದ ಒಂದು ಗಂಟೆ ಪಯಣದ ದೂರದವರೆಗೆ ಹಿಡಿಯಬಹುದು ಅಂತಾಯಿತು. ಕೆನಡಾದಿಂದ ಬರುತ್ತಿದ್ದವು ಇನ್ನೂ ಹೊರಗೆ ಸರಿದವು. ಹಡಗಿಗೆ ಹೋಗಿಬರಲು ನನ್ನ ದೋಣಿಯವನು ಹೇಳಿದ ಸಮಯ ಹಳೇ ದೂರಕ್ಕೆ ಸರಿ, ಹೊಸ ದೂರಕ್ಕೆ ಆಗದ ಮಾತು. ಕೊಲೆ ಯಾವ ತಿಂಗಳಲ್ಲಿ ಆಯಿತು ಅನ್ನೋ ಸುಳಿವನ್ನು ಎಲ್ಲಿ ಬಚ್ಚಿಟ್ಟೆ ಅನ್ನೋದು ಪುಸ್ತಕದಲ್ಲೇ ನೋಡಿ. ಅಲ್ಲಿನ ಓಷನ್ ಶೋರ್ ರೈಲು 1920ರಲ್ಲೇ ನಿಂತಿತ್ತು, ಅದೂ ಅನುಕೂಲಕ್ಕೆ ಬಂತು: ಓಡಿಹೋಗುವವನಿಗೆ ರಸ್ತೆ, ಇಲ್ಲವೇ ಸಮುದ್ರ, ಅಷ್ಟೇ.

ಹಳೇ ಪತ್ರಿಕೆಗೆ ಕಾಸು ಸುರಿಯಬೇಡಿ. ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್ ಪುಕ್ಕಟೆ. ಸುದ್ದಿಗಿಂತ ಜಾಹೀರಾತು ಓದಿ, ಬೆಲೆಗಳೆಲ್ಲ ಅಲ್ಲೇ ಇರುತ್ತವೆ.

ನಡುವೆ ಉಪ್ಪಿನ ಹುಚ್ಚು ಹಿಡಿಯಿತು. ಗಸ್ತಿನ ದೋಣಿ ಕಂಡರೆ ಕಳ್ಳಸಾಗಣೆಯವರು ಮದ್ಯದ ಸರಕಿಗೆ ಉಪ್ಪಿನ ಚೀಲ ಕಟ್ಟಿ ಮುಳುಗಿಸುತ್ತಿದ್ದರಂತೆ; ಉಪ್ಪು ಕರಗಿದ ಮೇಲೆ ಗುರುತಿನ ತೇಲುಬುಂಡೆ ಮೇಲೆ ಬರುತ್ತದೆ. ಬಕೆಟ್‌ನಲ್ಲಿ ಮಾಡಿ ನೋಡಿದೆ. ನಿಂತ ನೀರಲ್ಲಿ ಬೆಳಗಾದರೂ ಅರ್ಧ ಹಾಗೇ ಇತ್ತು. ಹಾಫ್ ಮೂನ್ ಬೇ ಪಕ್ಕದ ಪಿಲ್ಲರ್ ಪಾಯಿಂಟ್ ಬಂದರಿನ ಹತ್ತಿರ ಅಲೆಗೆ ಇಳಿಬಿಟ್ಟರೆ ಊಟ ಮುಗಿಸಿ ಬರೋದರೊಳಗೆ ಚೀಲ ಖಾಲಿ. ಎರಡನೇ ಕಾದಂಬರಿ ನಿಂತಿರುವುದೇ ಇದರ ಮೇಲೆ, ಹಾಗಾಗಿ ಎಷ್ಟು ಉಪ್ಪು, ಎಷ್ಟು ಹೊತ್ತು ಅಂತ ಹೇಳೋದಿಲ್ಲ. ಚೀಲದ ನೇಯ್ಗೆ ಬಿಗಿಯಾದಷ್ಟೂ ಹೊತ್ತು ಜಾಸ್ತಿ, ಅಷ್ಟು ಮಾತ್ರ ಹೇಳಬಲ್ಲೆ.